ಒಳಗೆ ಬಿಟ್ಟ ಬಟ್ಟೆ

ನನ್ನ ಟೇಪಿನ ಮೊದಲ ಇಂಚು ಸವೆದು ಹೋಗಿದೆ.
ಒಂದರಿಂದ ಹಿಡಿದು, ಕೊನೆಗೆ ಒಂದು ಕಳೆಯುತ್ತೇನೆ.
ಮೂವತ್ತು ವರ್ಷ ದುರ್ಗಿಗುಡಿಯ ಈ ಮಹಡಿಯಲ್ಲಿ
ಲೆಕ್ಕ ತಪ್ಪಿದ್ದಿಲ್ಲ.
ಆ ದಿನ ಮಾತ್ರ ಎರಡೆರಡು ಸಲ ಸುತ್ತಿದೆ.

ವಿಮಲಾಕ್ಷಿ, ನಲವತ್ತೆರಡು.
ಕಮಲಾಕ್ಷಿ, ನಲವತ್ತೆರಡು.
ತೋಳು, ಹೆಗಲು, ಬೆನ್ನಿನ ಆ ಎರಡು ಮಡಿಕೆ ಕೂಡ
ಒಂದೇ ಪಡಿಯಚ್ಚು.

ಒಂದೇ ಬಸಿರಿನವರು, ನಿಜ. ಆದರೆ ಹನ್ನೊಂದನೇ ದಿನಕ್ಕೆ
ವಿಮಲಿಯನ್ನು ಎತ್ತಿಕೊಂಡು ಹೋದಳು ಭದ್ರಾವತಿಯ ಚಿಕ್ಕಮ್ಮ,
ಕಬ್ಬಿಣದ ಕಾರ್ಖಾನೆಯ ಕ್ವಾರ್ಟರ್ಸಿಗೆ.
ಅಲ್ಲಿ ಅಕ್ಕಿ ಪಾವಿನಲ್ಲಿ ಅಳೆದು, ಪಾವಿನ ತಲೆ ಸವರಿ.
ಎಣ್ಣೆ ಚಮಚದಲ್ಲಿ. ಬೆಲ್ಲದ ಡಬ್ಬಿ ಅಟ್ಟದ ಮೇಲೆ.
ಕಮಲಿ ಇಲ್ಲೇ, ಬಸ್‌ಸ್ಟ್ಯಾಂಡ್ ಹತ್ತಿರ ಅಮ್ಮನ ಖಾನಾವಳಿಯಲ್ಲಿ,
ಕರಿದ ಎಣ್ಣೆಯ ಹೊಗೆಯಲ್ಲೇ ಮಗ್ಗಿ ಕಲಿತವಳು.

ಊರು ಹೇಳುತ್ತಿತ್ತು: ಬಾಂಡ್ಲಿ ಪಕ್ಕ ಬೆಳೆದ ಹುಡುಗಿ, ಮತ್ತಿನ್ನೇನು.
ಹಾಗಾದರೆ ವಿಮಲಿ?
ಊರಿನ ಹತ್ತಿರ ಅದಕ್ಕೂ ಉತ್ತರವಿತ್ತು.
ಕದ್ದು ತಿಂದಿರಬೇಕು.

ನಾನೂ ಅದೇ ಊರಿನವಳು. ಅಳತೆ ಗಟ್ಟಿಯಾಗಿ ಕೂಗುವುದು
ನನ್ನ ಅಭ್ಯಾಸ. ಬರೆದುಕೊಳ್ಳುವ ಹುಡುಗ
ಮೂಲೆಯಲ್ಲಿ ಪೆನ್ಸಿಲ್ ಕಚ್ಚಿ ನಗುವುದು ಅವನದು.

ಕಮಲಿ ಮೆಗ್ಗಾನ್ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ನೋಡುವವಳು.
ಹುಡುಗನ ನಗುವನ್ನೂ ನೋಡಿದಳು. ಬೈಯಲಿಲ್ಲ.
ಕತ್ತರಿಸುವ ಮೇಜಿಗೆ ಒರಗಿ ನಿಂತು ಹೇಳಿದಳು:

"ಅಕ್ಕಾ, ಊಟದ ಪಂಕ್ತೀಲಿ ಸಾಕು ಅನ್ಸಿದ್ರೆ
ಎಲೆಗೆ ಕೈ ಅಡ್ಡ ಹಿಡೀತೀವಲ್ಲ,
ಮೈಯೊಳಗೂ ಹಾಗೇ. ಕೊಬ್ಬಿಂದ ಒಂದು ರಸ ಹೊರಟು
ಮೆದುಳಿನ ಮುಂದೆ ಕೈ ಅಡ್ಡ ಹಿಡಿಯುತ್ತೆ. ಲೆಪ್ಟಿನ್ ಅಂತ.
ನಮ್ಮಿಬ್ಬರಲ್ಲಿ ಬಡಿಸೋನಿಗೆ ಆ ಕೈ ಸರಿಯಾಗಿ ಕಾಣಲ್ಲ.
ಸಾಕು ಸಾಕು ಅಂದ್ರೂ ಹುಳಿ ಸುರೀತಾನೇ ಇರ್ತಾನೆ."

"ಬಾಯಿ ಕಟ್ಟಬಾರದಾ?" ಅಂದೆ.
"ಕಟ್ಟಿದ್ನಲ್ಲ," ಅಂದಳು.

ಹೌದು, ಕಟ್ಟಿದ್ದಳು. ಅವಳ ಮದುವೆಯ ವರ್ಷ.
ಬೆಳಿಗ್ಗೆ ತುಂಗೆಯ ಸೇತುವೆ ದಾಟಿ ನಡಿಗೆ, ರಾತ್ರಿ ಬರೀ ಮಜ್ಜಿಗೆ.
ನಾನೇ ನಾಲ್ಕು ಇಂಚು ಒಳಗೆ ಹಿಡಿದಿದ್ದೆ.
ಬರ ಬಂತು ಅಂದುಕೊಂಡು ಒಳಗಿನ ಒಲೆ
ತಾನೇ ಉರಿ ಸಣ್ಣ ಮಾಡಿಕೊಂಡಿತಂತೆ ಆಗ.
ಹಸಿವು ಮಾತ್ರ ನಿದ್ದೆಯಲ್ಲೂ ಹೆಸರು ಹಿಡಿದು ಕರೆಯಿತಂತೆ.
ಒಂದೂವರೆ ವರ್ಷಕ್ಕೆ ಅದೇ ರವಿಕೆ ತಂದಳು, ಬಿಚ್ಚಲು.
ಬಿಚ್ಚಿದೆ. ಹಳೆ ಹೊಲಿಗೆಯ ತೂತುಗಳು ಸಾಲಾಗಿ,
ಪಕ್ಕದಲ್ಲಿ ಬಿಸಿಲು ಕಾಣದ ಒಂದು ಪಟ್ಟಿ,
ಅಂಗಡಿಯಲ್ಲಿದ್ದಾಗಿನ ಕೆಂಪು.

ಅವರು ಹೋದಮೇಲೆ ಅಳತೆ ಪುಸ್ತಕದ ಹಳೆ ಕಟ್ಟು ಇಳಿಸಿದೆ.
ನನ್ನ ಅತ್ತೆಯ ಕೈಬರಹ, ಅರ್ಧ ಮರಾಠಿ.
ಇವರ ಅಜ್ಜಿ ಹಾಲಮ್ಮ, ನಲವತ್ತೊಂದೂವರೆ.
ಪಕ್ಕದಲ್ಲಿ: ಒಳಗೆ ಜಾಸ್ತಿ ಬಿಡು.

ಯಾವ ಕಾಲದ ಯಾವ ಹಸಿವಿಗೆ ಹೆದರಿ
ಯಾರು ಈ ಮೈಗಳೊಳಗೆ ಇಷ್ಟು ಬಟ್ಟೆ ಬಿಟ್ಟರೋ.
ಕಮಲಿಯನ್ನು ಕೇಳಿದರೆ "ಇರಬಹುದು, ಖಚಿತ ಇಲ್ಲ" ಅನ್ನುತ್ತಾಳೆ.
ಲ್ಯಾಬಿನವಳು.

ನಾನೋ, ಕಡ್ಡಿ. ಎಂಟು ಕಡುಬು ತುಪ್ಪದಲ್ಲಿ ಅದ್ದಿ ತಿಂದು
ಸಂಜೆ ಮತ್ತೆ ಮಂಡಕ್ಕಿ ಮೆಲ್ಲುತ್ತ ಮೆಷೀನು ತುಳಿಯುತ್ತೇನೆ.
"ಎಷ್ಟು ಹಿಡಿತ ನಿಮ್ಮದು!" ಅನ್ನುತ್ತಾರೆ ಗಿರಾಕಿಗಳು.
ಮೂವತ್ತು ವರ್ಷ ಆ ಹೊಗಳಿಕೆಯನ್ನು ಕೈಚಾಚಿ ಇಸಕೊಂಡಿದ್ದೇನೆ.
ವಾಪಸು ಕೊಡುವುದು ಯಾರಿಗೆ?

ಮೊನ್ನೆ ವಿಮಲಿ ಟ್ರಯಲ್ ನೋಡಲು ಬಂದಳು.
ತಮ್ಮನ ಮದುವೆಗೆ ಇನ್ನು ನಾಲ್ಕೇ ದಿನ.
ಹುಡುಗನನ್ನು ಗುಂಡಿ ತರಲು ಗಾಂಧಿ ಬಜಾರಿಗೆ ಅಟ್ಟಿದ್ದೆ.
ಈ ಸಲ ನಾನೇ ಬರೆದುಕೊಂಡೆ, ತುಟಿ ಬಿಚ್ಚದೆ.
ಕನ್ನಡಿಯ ಮುಂದೆ ಅವಳು ಹೊಟ್ಟೆ ಒಳಗೆಳೆದುಕೊಳ್ಳಲಿಲ್ಲ.
ತೋಳೆತ್ತಿ ನೋಡಿದಳು, ಇಳಿಸಿದಳು, ಮತ್ತೆ ಎತ್ತಿದಳು.

"ಕಂಕುಳಲ್ಲಿ ಸ್ವಲ್ಪ ಸಡಿಲ ಮಾಡಿ.
ಪಾಯಸ ಬಡಿಸೋಳು ನಾನು.
ಬಗ್ಗಿದಾಗ ಹರೀಬಾರದು."